ಈನಕ್ ಮಾವನ ಎಡಗೈ

ಎಲ್ಜಿ ಸ್ಟಿಡಮ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದನ್ನು ಕೇಳಿದ ಮೇಲೆ ಯಾರೂ ನಂಬುವುದಿಲ್ಲ. ನಾಲ್ಕು ಜನ ತನ್ನ ಮುಖ ನೋಡುತ್ತಿದ್ದಾರೆಂದರೆ ಅವನ ಬಾಯಿ ಅವನ ಅಪ್ಪಣೆಗೆ ಕಾಯುತ್ತಿರಲಿಲ್ಲ, ತೊಂದರೆ ಅಷ್ಟೇ. ಒಬ್ಬನೇ ಇದ್ದಾಗ ಅವನಷ್ಟು ಸತ್ಯವಂತ ಕೆಂಟಕಿಯ ಬೆಟ್ಟಗಳಲ್ಲೇ ಇನ್ನೊಬ್ಬನಿರಲಿಲ್ಲ.

ಟ್ರೇಸ್ ಫೋರ್ಕ್ ಕಣಿವೆಯಲ್ಲಿ ಅವನು ಬಡಗಿ. ಕುರ್ಚಿ ಮಾಡುತ್ತಿದ್ದ, ಶವಪೆಟ್ಟಿಗೆ ಮಾಡುತ್ತಿದ್ದ. ಕುರ್ಚಿಗಳು ಅಲ್ಲಾಡುತ್ತವೆ ಎಂದು ಊರೆಲ್ಲ ದೂರು. ಪೆಟ್ಟಿಗೆಗಳ ಬಗ್ಗೆ ಮಾತ್ರ, ಒಳಗೆ ಮಲಗಿದ ಒಬ್ಬನೂ ಇದುವರೆಗೆ ದೂರು ಹೇಳಿರಲಿಲ್ಲ. ಎಲ್ಜಿ ಇದನ್ನು ತನ್ನ ಕಸುಬಿಗೆ ಸಂದ ಗೌರವವೆಂದೇ ತಿಳಿದಿದ್ದ. ಮಿಕ್ಕ ಹೊತ್ತಿನಲ್ಲಿ ಪಿಟೀಲು ಕುಯ್ಯುತ್ತಿದ್ದ. ಅವನ ಹೆಂಡತಿ ವರ್ಡಿ ಚರ್ಚಿನ ಸಭೆಗೆ ಸೇರಿದವಳು, ಪಿಟೀಲೆಂದರೆ ಸೈತಾನನ ಡಬ್ಬಿ ಎಂದು ನಂಬಿದವಳು. ಗಂಡ ಬಾರಿಸುವುದನ್ನು ಕೇಳಿ ಕೇಳಿ ಅವಳ ನಂಬಿಕೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿತ್ತು.

ಆ ನವೆಂಬರಿನಲ್ಲಿ ನ್ಯೂಯಾರ್ಕಿನಿಂದ ಪೆನ್ನಿಮನ್ ಎಂಬ ಮನುಷ್ಯ ಬಂದು, ಪೇಟೆಯ ಬ್ಯಾಸ್ಕಮ್ ಲೈಕಿನ್ಸನ ಮೇಜು ಕುರ್ಚಿಯ ಅಂಗಡಿಯ ಮಹಡಿ ಹಿಡಿದ. ಗೋಡೆಗೆಲ್ಲ ಕಂಬಳಿ ತೂಗುಹಾಕಿ, ನಡುವೆ ಯಂತ್ರ ಇಟ್ಟು, ಬೆಟ್ಟದ ಪಿಟೀಲುಗಾರರ ಹಳೆಯ ಮಟ್ಟುಗಳನ್ನೆಲ್ಲ ಮೇಣದ ಮೇಲೆ ಕೊರೆದು ಗ್ರಾಮಫೋನ್ ಪ್ಲೇಟು ಮಾಡುತ್ತೇನೆಂದು ಸಾರಿದ. ಬೆಳಗಿನಿಂದ ಮೆಟ್ಟಿಲ ಮೇಲೆ ಪಿಟೀಲುಗಾರರ ಸಾಲು. ಎಲ್ಜಿಯ ಸರದಿ ಬಂದಾಗ ಮಧ್ಯಾಹ್ನ. ಅವನು ಅರ್ಧ ನಿಮಿಷ ಕುಯ್ದಿದ್ದನೋ ಇಲ್ಲವೋ, ಪೆನ್ನಿಮನ್ ಕೈ ಎತ್ತಿದ.

"ಸಾಕು. ಇದು ನನ್ನ ಹತ್ರ ಆಗ್ಲೇ ಹನ್ನೊಂದಿದೆ. ಬೇರೆ ಬರುತ್ತಾ?"

ಎಲ್ಜಿ ಬೇರೆ ಬಾರಿಸಿದ.

"ಇದು ಹದಿನಾಲ್ಕಿದೆ. ಹದಿಮೂರು ಇದಕ್ಕಿಂತ ಚೆನ್ನಾಗಿದೆ."

ಮೆಟ್ಟಿಲ ಮೇಲಿದ್ದವರು ಕಿಸಕ್ಕೆಂದರು. ಪೆನ್ನಿಮನ್ ಪಾಪ, ಒಳ್ಳೆಯ ಮನುಷ್ಯ, ಕನಿಕರದಿಂದಲೇ ಕೇಳಿದ. "ಬೇರೆ ಯಾರಿಗೂ ಬರದೇ ಇರೋದು ಒಂದಾದ್ರೂ ಇದ್ಯಾ ನಿಮ್ಮ ಹತ್ರ?"

ಎಲ್ಜಿಯ ಬಾಯಿ ಹೇಳಿತು: "ಈನಕ್ ಗಿಯರ್‌ಹಾರ್ಟ್ ಮಾವನ 'ಲಿಯಾಂಡರನ ಹಳ್ಳ' ಬರುತ್ತೆ."

ಮೆಟ್ಟಿಲ ಮೇಲಿನ ನಗು ನಿಂತುಹೋಯಿತು. ಬ್ಯಾಸ್ಕಮ್ ತಲೆಯ ಮೇಲಿನ ಟೋಪಿ ತೆಗೆದ. ಈ ನಿಶ್ಶಬ್ದ ಕೇಳಿದ ಪೆನ್ನಿಮನ್ ಕುರ್ಚಿಯಿಂದಲೇ ಎದ್ದ. "ಬಾರಿಸಿ ಮತ್ತೆ!"

"ಈಗಾಗಲ್ಲ," ಎಂದ ಎಲ್ಜಿ, ಗಂಭೀರವಾಗಿ. "ಅದು ಸಾವಿನ ಮಟ್ಟು. ಅದಕ್ಕೆ ಮನುಷ್ಯ ಅಣಿಯಾಗ್ಬೇಕು."

"ಐದು ವಾರ ಬಿಟ್ಟು ಟೆನೆಸ್ಸೀಯಿಂದ ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟೊತ್ತಿಗೆ ಅಣಿಯಾಗ್ತೀರಾ?"

"ಧಾರಾಳವಾಗಿ," ಎಂದಿತು ಬಾಯಿ. ಎಲ್ಜಿ ಮನೆ ಮುಟ್ಟುವ ಮೊದಲೇ ಬ್ಯಾಸ್ಕಮ್ ಅಂಗಡಿಯ ಗಾಜಿಗೆ ಅದನ್ನು ಬರೆದು ಅಂಟಿಸಿಯಾಗಿತ್ತು.

ಲಿಯಾಂಡರನ ಹಳ್ಳದ ಕಥೆ ಇಷ್ಟು. ನಲವತ್ತೊಂದು ವರ್ಷದ ಹಿಂದೆ, ಊರಿಗೆಲ್ಲ ಮಾವನಾದ ಈನಕ್‌ನ ತಮ್ಮ ಲಿಯಾಂಡರ್ ಮರ ಕಡಿಯುವಾಗ ಮರದಡಿಗೇ ಸಿಕ್ಕಿ ಸತ್ತ. ಸ್ಮಶಾನ ಹಳ್ಳದ ಆಚೆ ದಂಡೆಯಲ್ಲಿ, ಹಳ್ಳ ಉಕ್ಕಿ ಹರಿಯುತ್ತಿತ್ತು, ಅಡ್ಡ ಹಾಕಿದ ಎರಡು ದಿಮ್ಮಿಗಳ ಮೇಲೆ ಆರು ಜನ ಪೆಟ್ಟಿಗೆ ಹೊತ್ತು ದಾಟಬೇಕು. ಹೆಜ್ಜೆಗೆ ಹೆಜ್ಜೆ ಕೂಡದೆ ದಿಮ್ಮಿ ಜೋಲಿ ಹೊಡೆಯಿತು. ಆಗ ಈನಕ್ ಮನೆಗೆ ಓಡಿ ಪಿಟೀಲು ತಂದು, ಹಿಂದು ಹಿಂದಕ್ಕೆ ದಿಮ್ಮಿಯ ಮೇಲೆ ನಡೆಯುತ್ತ, ಯಾರೂ ಕೇಳಿರದ ಒಂದು ಮಟ್ಟನ್ನು ಬಾರಿಸಿದ. ಆರು ಜನ ಅದಕ್ಕೆ ಹೆಜ್ಜೆ ಹಾಕಿ ದಾಟಿದರು. ಹೆಣದ ಮುಂದೆ ಸೈತಾನನ ಡಬ್ಬಿ ಬಾರಿಸಿದನೆಂದು ಸಭೆ ಅವನನ್ನು ಹೊರಗೆ ಹಾಕಿತು. ಎರಡು ವರ್ಷದ ಮೇಲೆ ಅವನು ಪಿಟೀಲನ್ನು ಒಲೆಗಿಟ್ಟು, ಕ್ಷಮೆ ಕೇಳಿ ಒಳಗೆ ಬಂದ, ಕೊನೆಗೆ ಸಭೆಯ ಹಿರಿಯನೂ ಆದ. ಆ ಮಟ್ಟನ್ನು ಇನ್ನೊಮ್ಮೆ ಯಾರೂ ಕೇಳಲಿಲ್ಲ.

ಐವತ್ತು ದಾಟಿದವರೆಲ್ಲ ಆ ದಿನ ಅಲ್ಲಿದ್ದರಂತೆ. ಲೆಕ್ಕ ಹಾಕಿದರೆ ನಾನೂರು ಜನರಾಗುತ್ತಾರೆ, ಆಗ ಕಣಿವೆಯಲ್ಲಿದ್ದವರೇ ತೊಂಬತ್ತು. ಹೇಗಿತ್ತು ಮಟ್ಟು ಎಂದು ಕೇಳಿದರೆ ಒಬ್ಬರಿಗೂ ಹೇಳಲು ಬರುತ್ತಿರಲಿಲ್ಲ. "ಕೇಳಿದ್ರೆ ಗುರುತು ಹಿಡೀತೀನಿ" ಎನ್ನುತ್ತಿದ್ದರು.

ಹೀಗೆ ಆ ಮಟ್ಟು ಇದ್ದದ್ದು ಒಂದೇ ತಲೆಯೊಳಗೆ. ಆ ತಲೆಗೆ ಸೆಪ್ಟೆಂಬರಿನಲ್ಲಿ ಲಕ್ವ ಹೊಡೆದಿತ್ತು.

ಮಾರನೆಯ ಬೆಳಗ್ಗೆ ಎಲ್ಜಿ ಈನಕ್ ಮಾವನ ಮನೆಗೆ ಹೋದ. ಮುದುಕನ ಬಲ ಮೈ ಪೂರ್ತಿ ಸತ್ತಿತ್ತು, ಮಾತು ಹೋಗಿತ್ತು. ಕಮಾನು ಹಿಡಿಯುವ ಕೈ ಮರದ ಕೊರಡಿನಂತೆ ಹೊದಿಕೆಯ ಮೇಲೆ ಬಿದ್ದಿತ್ತು. ಮೂಲೆಯಲ್ಲಿ ಹೆಂಡತಿ ಆರ್ಮಿಲ್ಡಾ ಅತ್ತೆ ಸೇಬಿನ ಸಿಪ್ಪೆ ಸುಲಿಯುತ್ತ ಕೂತಿದ್ದಳು. ಆಕೆ ಮಾತು ಕಡಿಮೆಯ ಹೆಂಗಸು. ಆ ಕೊರತೆಯನ್ನು ಸೊಸೆ ಆಲಿ ತುಂಬಿಕೊಡುತ್ತಿದ್ದಳು.

"ಬಂದ್ಯಾ?" ಎಂದಳು ಆಲಿ, ಬಾಗಿಲಿಗೆ ಅಡ್ಡ ನಿಂತು. "ಇನ್ನೂ ಉಸಿರಾಡ್ತಿದಾರೆ ಕಣೋ ನಮ್ಮ ಮಾವ! ಅಳತೆ ತಗೊಳ್ಳೋಕೆ ನಾಚ್ಕೆ ಆಗಲ್ವಾ ನಿಂಗೆ?"

"ಅಯ್ಯೋ, ಅಳತೆಗಲ್ಲ ಆಲಿ..."

"ಮತ್ಯಾಕೆ ಕಾಲಿಂದ ತಲೆವರ್ಗೂ ನೋಡ್ತಿದೀಯ?"

ನಿಜಕ್ಕೂ ನೋಡುತ್ತಿದ್ದ. ಕಸುಬಿನ ಚಾಳಿ, ಕಣ್ಣು ತಾನಾಗಿ ಅಳೆಯುತ್ತದೆ. ಐದಡಿ ಹತ್ತಂಗುಲ ಎಂದು ಮನಸ್ಸಿನಲ್ಲೇ ಬರೆದುಕೊಂಡೂ ಆಗಿತ್ತು. ಪಿಟೀಲಿನ ವಿಷಯ ಎತ್ತುವ ಹಾಗಿಲ್ಲ, ಹಿರಿಯನ ಮನೆ. ಅಳತೆಗೆ ಎನ್ನುವ ಹಾಗಿಲ್ಲ. ಆಲಿಯ ಬೆನ್ನ ಹಿಂದೆ ಇನ್ನೂ ಮೂವರು ನೆಂಟರ ಮುಖಗಳು ಇವನನ್ನೇ ನೋಡುತ್ತಿದ್ದವು.

"ನನ್ನ ಆತ್ಮದ ವಿಚಾರವಾಗಿ ಬಂದೆ," ಎಂದ ಎಲ್ಜಿ.

ಆಲಿಯ ಮುಖ ಬದಲಾಯಿತು. ಅಡ್ಡ ಇಟ್ಟ ಕೈ ತೆಗೆದಳು. "ಕೂತ್ಕೋ," ಎಂದಳು ಮೆತ್ತಗೆ. "ತೀರಾ ಹತ್ರ ಬೇಡ, ಚಿವುಟ್ತಾರೆ. ಎಡಗೈ ಒಂದು ಬದುಕಿದೆ ನೋಡು, ಸಿಕ್ಕವ್ರ ತೋಳು ಹಿಡ್ಕೋತಾರೆ."

ಆ ಬೆಟ್ಟಗಳಲ್ಲಿ ಮನುಷ್ಯ ಸುಮ್ಮನೆ ಹೋಗಿ ಸಭೆಗೆ ಸೇರುವುದಿಲ್ಲ. ಮೊದಲು ಅವನಿಗೆ ಪಾಪದ ಭಾರ ಬೀಳಬೇಕು. ಊಟ ರುಚಿಸಬಾರದು, ಕೆಲಸ ಕೆಡಬೇಕು, ಯಾರ ಹತ್ತಿರವೂ ಮಾತಾಡದೆ ಹಿರಿಯರ ಪಕ್ಕದಲ್ಲಿ ಮಂಕು ಬಡಿದು ಕೂರಬೇಕು. ಇದು ತಿಂಗಳುಗಟ್ಟಲೆ ನಡೆಯಬಹುದು, ಊರೆಲ್ಲ ಬಸುರಿಯನ್ನು ನೋಡಿದ ಹಾಗೆ ಅವನನ್ನು ನೋಡುತ್ತ ಕಾಯುತ್ತದೆ. ಎಲ್ಜಿ ದಿನವೂ ಬಂದು ಮುದುಕನ ಹಾಸಿಗೆಯ ಪಕ್ಕ ಮಂಕಾಗಿ ಕೂತ. ಮಂಕಾಗದೆ ಇನ್ನೇನು, ಮುದುಕನಿಗೆ ಮಾತೇ ಇಲ್ಲ, ದಿನ ಒಂದೊಂದಾಗಿ ಕಳೆಯುತ್ತಿತ್ತು. ನಾಲ್ಕನೆಯ ದಿನ ಅವನು ಊಟ ಬಿಟ್ಟ. ಕಣಿವೆಯಲ್ಲಿ ಗುಸುಗುಸು ಎದ್ದಿತು.

ಐದನೆಯ ದಿನ ಮುದುಕ ಅವನ ತೋಳು ಹಿಡಿದ. ಹೆಬ್ಬೆರಳು ಅಡಿಗೆ, ನಾಲ್ಕು ಬೆರಳು ಮೇಲಕ್ಕೆ. ಒತ್ತಿದ, ಎತ್ತಿದ, ಒತ್ತಿದ. ಎಲ್ಜಿ ಹಲ್ಲು ಕಚ್ಚಿ ಸಹಿಸಿದ. ಆರನೆಯ ದಿನವೂ ಹಾಗೇ. ಏಳನೆಯ ದಿನ ಅವನಿಗೆ ಹೊಳೆಯಿತು, ಸತ್ತ ಹಂದಿಗೂ ಇಷ್ಟು ಹೊತ್ತಿಗೆ ಹೊಳೆದಿರುತ್ತಿತ್ತು ಎಂದು ಆಮೇಲೆ ತನ್ನನ್ನೇ ಬೈದುಕೊಂಡ. ಒತ್ತುವ ಬೆರಳುಗಳಿಗೆ ಒಂದು ಕ್ರಮವಿತ್ತು. ಒಂದು, ಮೂರು, ಮೂರು, ಎರಡು. ಮತ್ತೆ ಒಂದು, ಮೂರು, ಮೂರು, ಎರಡು. ಮುದುಕ ಚಿವುಟುತ್ತಿರಲಿಲ್ಲ. ಬಾರಿಸುತ್ತಿದ್ದ.

ಕಮಾನಿನ ಕೈ ಸತ್ತಿತ್ತು, ತಂತಿ ಒತ್ತುವ ಕೈ ಬದುಕಿತ್ತು. ಲಿಯಾಂಡರನ ಹಳ್ಳ ತನ್ನ ತೋಳಿನ ಮೇಲೆ ಹರಿಯುತ್ತಿದೆ ಎಂದು ತಿಳಿದಾಗ ಎಲ್ಜಿಯ ಕಣ್ಣಲ್ಲಿ ದಳದಳ ನೀರು ಬಂತು. ಬಾಯಿಂದ ಏನೋ ಒಂದು ಸದ್ದು ಹೊರಟಿತು. ಸರಿಯಾಗಿ ಅದೇ ಗಳಿಗೆಗೆ ಬೋಧಕ ಶೇಡ್ರಾಕ್ ಪ್ರೇಟರ್ ನಾಲ್ವರು ಹೆಂಗಸರೊಂದಿಗೆ ರೋಗಿಯನ್ನು ನೋಡಲು ಒಳಗೆ ಬಂದ. ಶೇಡ್ರಾಕನ ದನಿ ಎಂದರೆ ಪಕ್ಕದ ಕಣಿವೆಯವರು ಬೇರೆ ಬೋಧಕನನ್ನು ಇಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ.

"ನೋಡಿ!" ಎಂದು ಅಬ್ಬರಿಸಿದ. "ಹಿರಿಯರ ಕೈಯಿಂದ ಕೃಪೆ ಇಳೀತಿದೆ! ಕಣ್ಣಾರೆ ನೋಡ್ಕೊಳ್ಳಿ!"

ಹೆಂಗಸರು ಅಳುತ್ತ ಹಾಡು ಎತ್ತಿದರು. ಎಲ್ಜಿ ಕೈ ಆಡಿಸಿ "ತಡೀರಿ, ತಡೀರಿ, ಇನ್ನೂ ಮುಗಿದಿಲ್ಲ" ಎಂದ.

"ಮುಗಿಯಲ್ಲ ತಮ್ಮಾ, ಕೃಪೆ ಮುಗಿಯೋದೇ ಇಲ್ಲ!" ಎಂದು ಶೇಡ್ರಾಕ್ ಅವನನ್ನು ಅಪ್ಪಿಕೊಂಡ. "ಹೇಳು, ಇದೇ ಭಾನುವಾರ ದೀಕ್ಷಾಸ್ನಾನಕ್ಕೆ ನೀರಿಗಿಳೀತೀಯಾ?"

ಬಿಸಿ ತುಪ್ಪ ಬಾಯಲ್ಲಿ. ಇಲ್ಲ ಎಂದರೆ ಈ ಬಾಗಿಲು ಇವತ್ತೇ ಮುಚ್ಚುತ್ತದೆ, ಮಟ್ಟು ಅರ್ಧಕ್ಕೆ ನಿಲ್ಲುತ್ತದೆ. ಹೌದು ಎಂದರೆ ಹಳ್ಳದ ನೀರು ನವೆಂಬರಿನದು. ಮೂಲೆಯಲ್ಲಿ ಆರ್ಮಿಲ್ಡಾ ಅತ್ತೆ ಚಾಕು ನಿಲ್ಲಿಸಿ ಎಲ್ಜಿಯ ತೋಳನ್ನೇ ನೋಡುತ್ತಿದ್ದಳು.

"ಇಳೀತೀನಿ," ಎಂದ ಎಲ್ಜಿ.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಹತ್ತೊಂಬತ್ತು ವರ್ಷದಿಂದ ಗಂಡನ ಆತ್ಮಕ್ಕಾಗಿ ಮೊಣಕಾಲೂರಿದ ವರ್ಡಿ ಬಾಗಿಲಲ್ಲೇ ಅವನನ್ನು ತಬ್ಬಿಕೊಂಡಳು. ಇಂಥ ತಬ್ಬುಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಮೇಜಿನ ಮೇಲೆ ಹೊಗೆಯಾಡುವ ಮೆಕ್ಕೆಜೋಳದ ರೊಟ್ಟಿ, ಬೆಣ್ಣೆ, ಜೇನು. ಎಲ್ಜಿ ಮೂರು ತುಂಡು ತಿಂದ.

"ಇವತ್ತು ರೊಟ್ಟಿ ಚೆನ್ನಾಗಿ ಬೆಂದಿದೆ," ಎಂದ.

"ಬೇಯದೇ ಏನು? ಒಣಗಿದ ಮರ. ನಿನ್ನ ಪಾಪದಲ್ಲೇ ಬೆಂದಿರೋದು, ತಿನ್ನು."

ಎಲ್ಜಿ ಗೋಡೆ ನೋಡಿದ. ಮೊಳೆ ಇತ್ತು, ಪಿಟೀಲು ಇರಲಿಲ್ಲ. ಒಲೆಯ ಬಾಯಲ್ಲಿ ಬಿರಡೆಯೊಂದು ಇನ್ನೂ ಕೆಂಪಗೆ ಉರಿಯುತ್ತಿತ್ತು. ಅದು ಅವನ ಅಜ್ಜ ಮಾಡಿದ ಪಿಟೀಲು. ನಾಲ್ಕನೆಯ ತುಂಡು ಗಂಟಲಲ್ಲಿ ನಿಂತಿತು, ವರ್ಡಿ ಅದನ್ನೂ ಪಶ್ಚಾತ್ತಾಪದ ಲಕ್ಷಣವೆಂದು ತಿಳಿದು ತನ್ನ ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

ಭಾನುವಾರ ಶೇಡ್ರಾಕ್ ಕೊಡಲಿಯಿಂದ ಮಂಜುಗಡ್ಡೆ ಒಡೆಸಿ ಅವನನ್ನು ಹಳ್ಳಕ್ಕೆ ಇಳಿಸಿದ. ದಂಡೆಯ ಮೇಲೆ ಇಡೀ ಕಣಿವೆ. ಶನಿವಾರದವರೆಗೆ ಕೂತು ಎಲ್ಜಿ ಮಟ್ಟನ್ನು ಕೊನೆಯವರೆಗೂ ತೋಳಿಗೆ ಇಳಿಸಿಕೊಂಡಿದ್ದ. ಎಲ್ಲಿ ಮರೆತುಹೋಗುತ್ತದೋ ಎಂಬ ಭಯಕ್ಕೆ ನೀರಿನೊಳಗೂ ಬೋಧಕನ ತೋಳು ಹಿಡಿದು ಅದನ್ನೇ ಒತ್ತುತ್ತಿದ್ದ. ತಲೆ ಮುಳುಗಿದರೂ ಬೆರಳು ನಿಲ್ಲಲಿಲ್ಲ. ಮೇಲೆ ಬಂದ ಮೇಲೆ ಶೇಡ್ರಾಕ್ ಎಲ್ಲರಿಗೂ ತೋಳು ತೋರಿಸಿ, "ಇಷ್ಟು ಗಟ್ಟಿಯಾಗಿ ರಕ್ಷಣೆಯನ್ನ ಹಿಡ್ಕೊಂಡವ್ರನ್ನ ನಾನು ನೋಡೇ ಇಲ್ಲ" ಎಂದ. ಎಲ್ಜಿಗೆ ಎಂಟು ದಿನ ಜ್ವರ ಬಂತು.

ಜ್ವರ ಬಿಟ್ಟ ದಿನವೇ ಅವನು ಬ್ಯಾಸ್ಕಮ್ಮನ ಅಂಗಡಿಯಿಂದ ಗುಟ್ಟಾಗಿ ಒಂದು ಪಿಟೀಲು ಎರವಲು ತಂದು, ತನ್ನ ಕೊಟ್ಟಿಗೆಯಲ್ಲಿ ಅರ್ಧ ಮಾಡಿದ ಪೆಟ್ಟಿಗೆಯ ಮೇಲೆ ಕೂತು ಬಾರಿಸಿದ. ಬೆರಳಿನಲ್ಲಿ ಒಂದು ತಪ್ಪಿಲ್ಲ. ಬಂದ ಸದ್ದು ಮಾತ್ರ ಬೆಕ್ಕನ್ನು ಬಾಗಿಲಿಗೆ ಸಿಕ್ಕಿಸಿದಂತಿತ್ತು. ತಲೆಯ ಮೇಲೆ ಕೈಹೊತ್ತು ಕೂತ. ಹಳೆಯ ಕಾಲದ ಪಿಟೀಲುಗಾರರು ಒಂದೊಂದು ಮಟ್ಟಿಗೆ ನಾಲ್ಕು ತಂತಿಗಳನ್ನು ಒಂದೊಂದು ಬಗೆಯಲ್ಲಿ ಬಿಗಿಯುತ್ತಿದ್ದರು. ಶ್ರುತಿ ಬೇರೆಯಾದರೆ ಅದೇ ಬೆರಳಿಗೆ ಬೇರೆಯದೇ ಮಟ್ಟು. ಬೀಗದ ಕೈ ಸಿಕ್ಕಿತ್ತು, ಬೀಗ ಯಾವ ಬಾಗಿಲಿನದೋ ಗೊತ್ತಿಲ್ಲ. ತೋಳಿನ ಮೇಲೆ ಶ್ರುತಿ ಹೇಳಲಾಗುವುದಿಲ್ಲ. ಪಿಟೀಲನ್ನೇ ಮುದುಕನ ಹಾಸಿಗೆಗೆ ಒಯ್ದು, ಒಂದೊಂದೇ ಶ್ರುತಿ ಮೀಟಿ ಇದಾ, ಇದಾ ಎಂದು ಕೇಳಬೇಕು.

ಶನಿವಾರ ತಿಂಗಳ ಸಭೆ. ಎಲ್ಜಿ ಮುಂದೆ ಬಂದು, "ನೀವೆಲ್ಲ ಹೋಗ್ಬನ್ನಿ, ಆರ್ಮಿಲ್ಡಾ ಅತ್ತೇನೂ ಹೋಗ್ಲಿ, ಮಾವನ ಹತ್ರ ನಾನಿರ್ತೀನಿ" ಎಂದ. ಸೇರಿ ಎರಡು ವಾರ ಆಗಿಲ್ಲ, ಎಂಥ ಸಂತ ಎಂದು ಜನ ಕೊಂಡಾಡಿದರು. ಪಿಟೀಲನ್ನು ಹಿಟ್ಟಿನ ಚೀಲದಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಹಿಮದಲ್ಲಿ ಹೊರಟ. ದಾರಿಯ ತಿರುವಿನಲ್ಲಿ ಶೇಡ್ರಾಕ್ ಎದುರಾದ.

"ಚೀಲದಲ್ಲೇನು, ಸೋದರ ಎಲ್ಜಿ?"

ಚೀಲದ ಆಕಾರ ನೋಡಿದ ಬಾಯಿ ಹೇಳಿತು: "ಹಂದಿ ತೊಡೆ. ಹೊಗೆ ಹಾಕಿದ್ದು."

ಶೇಡ್ರಾಕ್ ಒಂದು ಗಳಿಗೆ ಚೀಲವನ್ನೇ ನೋಡಿದ. ಎಂಜಲು ನುಂಗಿದ. "ಕಾಯಿಲೆ ಮನೆಗೆ ತಗೊಂಡು ಹೋಗ್ತಿದೀಯ. ದೇವರು ನಿನ್ನ ಮೆಚ್ಚಲಿ," ಎಂದು ಹೇಳಿ ಹೋದ.

ಟ್ರೇಸ್ ಫೋರ್ಕಿನ ಸಭೆಯಲ್ಲಿ ನಾಲ್ವರು ಬೋಧಕರು, ನಾಲ್ಕು ಬೋಧನೆ, ಸೂರ್ಯ ತಲೆಯ ಮೇಲಿಂದ ಇಳಿಯದೆ ಯಾರೂ ಎದ್ದದ್ದಿಲ್ಲ. ಆ ಶನಿವಾರ ಮಾತ್ರ ಒಂದೇ ಬೋಧನೆ ಮುಗಿಯುತ್ತಲೇ ಶೇಡ್ರಾಕನಿಗೆ ದೇವರ ಪ್ರೇರಣೆಯಾಯಿತು. ರೋಗಿಯಾದ ಹಿರಿಯರನ್ನು ಬಿಟ್ಟು ನಾವಿಲ್ಲಿ ಕೂರುವುದು ಧರ್ಮವೇ, ಇಡೀ ಸಭೆಯೇ ಅವರ ಹಾಸಿಗೆಯ ಬಳಿಗೆ ನಡೆಯಲಿ ಎಂದ. ತೊಡೆಯ ಸುದ್ದಿಯನ್ನು ಪಕ್ಕದವರ ಕಿವಿಯಲ್ಲಿ ಹೇಳಿದ್ದ. ಮೂವತ್ತೊಂದು ಜನ ಹೊರಟರು.

ಇತ್ತ ಎಲ್ಜಿ ಚೀಲ ಬಿಚ್ಚಿ ಮುದುಕನ ಮುಂದೆ ಪಿಟೀಲು ಹಿಡಿದ. ಮೂವತ್ತೊಂಬತ್ತು ವರ್ಷದ ಮೇಲೆ ಅದನ್ನು ಕಂಡ ಈನಕ್ ಮಾವನ ಒಂದು ಕಣ್ಣು ಅಗಲವಾಯಿತು.

"ಮಾವ, ಶ್ರುತಿ ಹೇಳಿ. ಅಷ್ಟೇ ಸಾಕು. ಆಮೇಲೆ ನರಕಕ್ಕೆ ಬೇಕಾದ್ರೂ ಹೋಗ್ತೀನಿ."

ಮೊದಲನೆಯ ಶ್ರುತಿ ಮೀಟಿದ. ಮುದುಕ ಕಣ್ಣು ಮುಚ್ಚಿಕೊಂಡ. ಬಿರಡೆ ತಿರುಗಿಸಿ ಎರಡನೆಯದು ಮೀಟಿದ. ಮುದುಕನ ಮೂಗಿನಿಂದ ಹೊರಟ ಸದ್ದಿಗೆ ಮಾತು ಬೇಕಿರಲಿಲ್ಲ. ಅಡಿಯ ಎರಡು ತಂತಿಗಳನ್ನೂ ಏರಿಸಿ ಮೂರನೆಯದು ಮೀಟಿದ. ಕೋಣೆಯಲ್ಲಿ ಆ ಸದ್ದು ಗುಂಯ್ ಎಂದು ನಿಂತಿತು. ಮುದುಕ ಕಣ್ಣು ತೆರೆದ. ಎಡಗೈ ಹೊದಿಕೆಯಿಂದ ಮೆಲ್ಲಗೆ ಮೇಲೆದ್ದಿತು.

ಬಾಗಿಲು ಧಡಾರೆಂದು ತೆರೆಯಿತು.

"ತೊಡೆ ಎಲ್ಲಿ?" ಎಂದ ಶೇಡ್ರಾಕ್. ಆಮೇಲೆ ಪಿಟೀಲು ನೋಡಿದ.

ಎತ್ತಿದ ಕೈ ಇನ್ನೂ ಗಾಳಿಯಲ್ಲೇ ಇತ್ತು. ಮೂವತ್ತೊಂದು ಜನ ನೋಡುತ್ತಿದ್ದಂತೆ ಅದು ಹೊದಿಕೆಯ ಮೇಲೆ ಬಿತ್ತು. ಆರ್ಮಿಲ್ಡಾ ಅತ್ತೆ ಜನರನ್ನು ಸರಿಸಿಕೊಂಡು ಬಂದು ಅದನ್ನು ಹಿಡಿದಳು, ಬಗ್ಗಿ ಮೂಗಿನ ಬಳಿ ಕೆನ್ನೆಯಿಟ್ಟಳು. "ಹೋದ," ಎಂದಳು.

ಮರಣದ ಮನೆಯಲ್ಲಿ ಒಂದು ನಿಮಿಷ ಮೌನವಿರುವುದು ವಾಡಿಕೆ. ಇಲ್ಲಿ ಅರ್ಧ ನಿಮಿಷವೂ ಇರಲಿಲ್ಲ.

"ಕೈ ಎತ್ತಿದ್ದು ನೋಡಿದ್ರಾ? ತೊಲಗು ಸೈತಾನ ಅಂದ್ರು!" ಎಂದ ಶೇಡ್ರಾಕ್.

"ಅಲ್ಲ, ಅದೇ ಶ್ರುತಿ ಅಂದ್ರು," ಎಂದ ಬ್ಯಾಸ್ಕಮ್. ಅವನು ಸಭೆಯವನಲ್ಲ, ತೊಡೆಗಾಗಿ ದಾರಿಯಲ್ಲಿ ಸೇರಿಕೊಂಡಿದ್ದ.

"ನೀರು ಕೇಳಿದ್ರು ಕಣ್ರೋ!" ಎಂದು ಆಲಿ ಎದೆ ಬಡಿದುಕೊಂಡಳು. "ಬೆಳಗ್ಗೆಯಿಂದ ಒಂದು ಗುಟುಕು ಕುಡಿದಿರ್ಲಿಲ್ಲ. ಪಿಟೀಲು ಕುಯ್ಯೋ ಬದ್ಲು ಒಂದು ಲೋಟ ನೀರು ಕೊಡ್ಬಾರ್ದಿತ್ತೇನೋ, ಪಾಪಿ!"

ಎಲ್ಜಿಯ ಎದೆಗೆ ಈ ಮೂರನೆಯದು ಈಟಿಯಂತೆ ನಾಟಿತು. ಹೂಜಿ ತುಂಬ ನೀರು ಕಿಟಕಿಯಲ್ಲೇ ಇತ್ತು.

ತಿಂಗಳ ಸಭೆಯ ವ್ಯವಹಾರ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅದನ್ನು ಹೆಣದ ಮುಂದೆಯೇ ಮುಂದುವರಿಸಿದರು. ಆಪಾದನೆ ಎರಡು. ಒಂದು, ಸೈತಾನನ ಡಬ್ಬಿ. ಎರಡು, ಇಲ್ಲದ ತೊಡೆ. ಎರಡನೆಯದಕ್ಕೇ ದನಿ ಹೆಚ್ಚು ಏರಿತೆಂದು ಅಲ್ಲಿದ್ದವರು ಹೇಳುತ್ತಾರೆ. ಪರವಾಗಿ ಒಂದು ಕೈಯೂ ಏಳಲಿಲ್ಲ, ವರ್ಡಿಯದೂ ಏಳಲಿಲ್ಲ. ಹದಿಮೂರು ದಿನ ಸದಸ್ಯನಾಗಿದ್ದ ಎಲ್ಜಿ ಸ್ಟಿಡಮ್ ಸಭೆಯಿಂದ ಹೊರಗೆ ಬಿದ್ದ. ತಲೆ ತಗ್ಗಿಸಿ ಬಾಗಿಲ ಕಡೆ ನಡೆದಾಗ ಶೇಡ್ರಾಕ್ ಕೂಗಿದ.

"ಎಲ್ಲಿಗ್ಹೋಗ್ತೀಯ? ಅಳತೆ ತಗೋ."

"ಐದಡಿ ಹತ್ತಂಗುಲ," ಎಂದ ಎಲ್ಜಿ, ತಿರುಗದೆ.

ಪೆಟ್ಟಿಗೆಗೆ ತನ್ನ ಬಳಿ ಇದ್ದ ಒಳ್ಳೆಯ ವಾಲ್ನಟ್ ಹಲಗೆಯನ್ನೇ ಹಾಕಿದ. ಸೋಮವಾರ ಹೊತ್ತವರು ಹಳ್ಳವನ್ನು ಸೇತುವೆಯ ಮೇಲೆ ದಾಟಿದರು, ಈಗ ಸರ್ಕಾರದ ಸೇತುವೆ ಇದೆ. ಯಾರೂ ಏನೂ ಬಾರಿಸಲಿಲ್ಲ. ಎಲ್ಜಿಗೆ ಹತ್ತಿರ ಬರಲು ಅಪ್ಪಣೆ ಇರಲಿಲ್ಲ, ದೂರದ ಬೇಲಿಯ ಬಳಿ ನಿಂತು ನೋಡಿದ. ಮನೆಯಲ್ಲಿ ವರ್ಡಿ ಅನ್ನುತ್ತಿದ್ದದ್ದು ಒಂದೇ ಮಾತು: "ಹತ್ತೊಂಬತ್ತು ವರ್ಷ ಕಾದು ಹದಿಮೂರು ದಿನ. ಹದಿಮೂರೇ ದಿನ!" ಅವಳು ಅಳುತ್ತಿದ್ದಳು, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಆ ಮುಂದಿನ ಮಂಗಳವಾರ ಪೆನ್ನಿಮನ್ ಹೇಳಿದಂತೆ ವಾಪಸು ಬಂದ. ಎಲ್ಜಿಗೆ ಹೋಗುವ ಮನಸ್ಸಿರಲಿಲ್ಲ. ಹೋಗದಿದ್ದರೆ ಒಬ್ಬ ಮನುಷ್ಯನನ್ನು ಕೊಂದದ್ದು ಯಾವುದಕ್ಕೂ ಆಗಲಿಲ್ಲವೆಂದಾಗುತ್ತದೆ, ಅದಕ್ಕೇ ಹೋದ. ಪೇಟೆ ತಲುಪಿದಾಗ ಬ್ಯಾಸ್ಕಮ್ಮನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಐವತ್ತು ದಾಟಿದವರೆಲ್ಲ ಬಂದಿದ್ದರು. ಸಭೆಯವರು ಪಿಟೀಲು ಕೇಳಬಾರದು, ಹಾಗಾಗಿ ಅವರು ಮೊಳೆ ಕೊಳ್ಳಲು ಬಂದಿದ್ದರು. ಶೇಡ್ರಾಕ್ ಮಹಡಿಯ ಮೆಟ್ಟಿಲ ಬುಡದಲ್ಲೇ ನಿಂತು ಒಂದೊಂದು ಮೊಳೆಯನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದ.

ಎಲ್ಜಿ ಮೂರನೆಯ ಶ್ರುತಿಗೆ ತಂತಿ ಬಿಗಿದ. ಬೇರೆ ಗತಿಯಿರಲಿಲ್ಲ. ಯಂತ್ರ ತಿರುಗಿತು. ಹುಟ್ಟಿದಂದಿನಿಂದ ಚೆನ್ನಾಗಿ ಬಾರಿಸದವನು ಅಂದು ಚೆನ್ನಾಗಿ ಬಾರಿಸಿದ ಎಂದು ಹೇಳಲೇಬೇಕು. ಬೆರಳು ತಾವಾಗಿ ನಡೆದವು. ಮಟ್ಟು ಮೆಲ್ಲಗೆ, ಹೆಜ್ಜೆ ತಡವರಿಸಿ ಮತ್ತೆ ಊರುವಂತೆ ಹೋಯಿತು. ಮೆಟ್ಟಿಲ ಮೇಲೆ ಯಾರೋ ಬಿಕ್ಕಿದರು.

"ಅದೇ!" ಎಂದ ಒಬ್ಬ ಮುದುಕ. "ಅದೇ ಕಣ್ರೋ!"

"ಅದೇ, ಅದೇ!" ಎಂದು ಎಲ್ಲರೂ ಅಂದರು. ಆ ದಿನ ಹುಟ್ಟಿಯೇ ಇರದವರೂ ಅಂದರು. ಶೇಡ್ರಾಕ್ ಮೂಗು ಸೀಟಿ, ಲೆಕ್ಕವಿಲ್ಲದೆ ಒಂದು ಪೀಪಾಯಿ ಮೊಳೆ ಕೊಂಡುಬಿಟ್ಟ. ಪೆನ್ನಿಮನ್ ಎಲ್ಜಿಯ ಕೈ ಕುಲುಕಿ ಕುಲುಕಿ ಬಿಡಲೊಲ್ಲ. ಇಡೀ ಜೀವನದಲ್ಲಿ ಎಲ್ಜಿಗೆ ಬೇಕಾಗಿದ್ದ ಗಳಿಗೆ ಅದು, ಬಂದಿತ್ತು.

ಆಗ ಮೆಟ್ಟಿಲ ಮೇಲಿನ ಜನ ಎರಡಾಗಿ ಸರಿದು ದಾರಿ ಬಿಟ್ಟರು. ಕರಿಯ ಉಡುಪಿನ ಆರ್ಮಿಲ್ಡಾ ಅತ್ತೆ ಮೇಲೆ ಬಂದಳು. ಕಣ್ಣ ಕೆಳಗೆ ಕಪ್ಪಗಾಗಿತ್ತು. ಪೆನ್ನಿಮನ್ ಕುರ್ಚಿ ಕೊಟ್ಟ, ಅವಳು ಕೂರಲಿಲ್ಲ.

"ಎಲ್ಜಿ," ಎಂದಳು. "ನಾನು ಈ ಕಣಿವೆಗೆ ಮದುವೆಯಾಗಿ ಬಂದಾಗ ನಮ್ಮ ಮುದುಕ ಪಿಟೀಲು ಒಲೆಗಿಟ್ಟಾಗಿತ್ತು. ಒಂದು ದಿನಾನೂ ಕೇಳ್ಲಿಲ್ಲ ನಾನು. ಮಲಗಿದ ಕೂಡ್ಲೇ ನನ್ನ ತೋಳು ಹಿಡ್ಕೊಂಡು ಬೆರಳಾಡಿಸ್ತಿದ್ದ. ಮೊದ್ಲು ನರದ ಕಾಯಿಲೆ ಅಂದ್ಕೊಂಡು ಬಾತುಕೋಳಿ ಕೊಬ್ಬು ತಿಕ್ದೆ. ಆಮೇಲೆ ಗೊತ್ತಾಯ್ತು, ಏನೋ ಬಾರಿಸ್ತಿದಾನೆ ಅಂತ. ಏನು ಅಂತ ಕೇಳ್ಲಿಲ್ಲ. ಕೇಳಿದ್ರೆ ನಿಲ್ಲಿಸ್ಬಿಡ್ತಾನೆ ಅಂತ ಭಯ. ಮೂವತ್ತೊಂಬತ್ತು ವರ್ಷ."

ಅವಳು ಎಲ್ಜಿಯ ಎಡಗೈಯ ಕಡೆ ಬೆರಳು ತೋರಿಸಿದಳು.

"ಈಗ ನಿನ್ನ ಬೆರಳು ನೋಡ್ತಿದ್ದೆ, ಮೆಟ್ಟಿಲ ಮೇಲಿಂದ. ಬೆರಳು ಸರಿಯಾಗೇ ಇದೆ. ನಿಜ ಹೇಳು. ಅದು ಹೀಗೇ ಕೇಳಿಸ್ತಿತ್ತಾ?"

ಕೋಣೆಯ ತುಂಬ, ಮೆಟ್ಟಿಲ ತುಂಬ, ಬೀದಿಯವರೆಗೂ ಮುಖಗಳು ಎಲ್ಜಿಯನ್ನೇ ನೋಡುತ್ತಿದ್ದವು. ಹೌದು ಎಂದರೆ ಮುಗಿಯಿತು. ನಾನೂರು ಜನ ಸಾಕ್ಷಿ ಇದ್ದಾರೆ.

"ಗೊತ್ತಿಲ್ಲ ಅತ್ತೆ," ಎಂದ. "ಮಾವ ಕೈ ಎತ್ತಿದ್ರು. ಇದೇ ಅಂದ್ರೋ, ಸಾಕು ಅಂದ್ರೋ, ನೀರು ಕೇಳಿದ್ರೋ, ನಂಗೊತ್ತಿಲ್ಲ. ಇದು ಬೇರೇನೇ ಇರ್ಬಹುದು. ನಿಜವಾದ್ದು ಅವ್ರ ಜೊತೆಗೇ ಹೋಗಿರ್ಬಹುದು."

ಜನರಲ್ಲಿ ಗೊಣಗಾಟವೆದ್ದಿತು. ಅತ್ತುಬಿಟ್ಟವರಿಗೆ ಸಿಟ್ಟು ಬಂದಿತ್ತು. ಆರ್ಮಿಲ್ಡಾ ಅತ್ತೆ ಮಾತ್ರ ಈಗ ಕುರ್ಚಿಯಲ್ಲಿ ಕೂತಳು. ಎಡ ತೋಳಿನ ಗುಂಡಿ ಬಿಚ್ಚಿ, ಕರಿಯ ಬಟ್ಟೆಯನ್ನು ಮೊಣಕೈವರೆಗೆ ಸರಿಸಿದಳು. ಒಣಗಿದ, ನರ ಎದ್ದ ತೋಳು.

"ಸದ್ದು ತಗೊಂಡು ನಾನೇನ್ಮಾಡ್ಲಿ. ಅದು ನಂಗೊತ್ತೇ ಇರ್ಲಿಲ್ಲ. ನಂಗೊತ್ತಿರೋದನ್ನ ಬಾರ್ಸು. ಹತ್ತು ದಿನದಿಂದ ನಿದ್ದೆ ಬಂದಿಲ್ಲ ಕಣೋ."

ಎಲ್ಜಿ ಪಿಟೀಲನ್ನು ಕೆಳಗಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತ. ಹೆಬ್ಬೆರಳು ಅಡಿಗೆ, ನಾಲ್ಕು ಬೆರಳು ಮೇಲಕ್ಕೆ. ಒಂದು, ಮೂರು, ಮೂರು, ಎರಡು.

"ಏನ್ ನಡೀತಿದೆ?" ಎಂದು ಪೆನ್ನಿಮನ್ ಬ್ಯಾಸ್ಕಮ್ಮನ ಕಿವಿಯಲ್ಲಿ ಕೇಳಿದ. "ಯಂತ್ರ ಹಾಕ್ಲಾ?"

"ಟೋಪಿ ತೆಗೀರಿ ಮೊದ್ಲು," ಎಂದ ಬ್ಯಾಸ್ಕಮ್.

"ಅಲ್ಲಿ ಅವಸರ ಮಾಡ್ಬೇಡ," ಎಂದಳು ಆರ್ಮಿಲ್ಡಾ ಅತ್ತೆ ಕಣ್ಣು ಮುಚ್ಚಿಕೊಂಡು. "ಮೂರನೇದ್ರಲ್ಲಿ ಸ್ವಲ್ಪ ನಿಲ್ತಿದ್ದ... ಹಾಂ. ಹಾಗೆ." ಎರಡನೆಯ ಸುತ್ತಿನಲ್ಲಿ ಇನ್ನೊಂದು ಕಡೆ ತಿದ್ದಿದಳು. ಮೂರನೆಯ ಸುತ್ತಿನಲ್ಲಿ ಏನೂ ತಿದ್ದಲಿಲ್ಲ. ತಲೆ ಮೆಲ್ಲಗೆ ಎದೆಯ ಮೇಲೆ ವಾಲಿತು, ಬಾಯಿ ಸ್ವಲ್ಪ ತೆರೆಯಿತು, ಸಣ್ಣಗೆ ಗೊರಕೆ ಬಂತು.

ಮಟ್ಟು ಮುಗಿಯಿತು. ಎಲ್ಜಿ ಉಸಿರು ಬಿಗಿಹಿಡಿದು ಬೆರಳು ಎತ್ತಿದ. ನಿದ್ದೆಯಲ್ಲೇ ಮುದುಕಿಯ ಹುಬ್ಬು ಗಂಟಾಯಿತು, ತೋಳು ಏನನ್ನೋ ಹುಡುಕುವಂತೆ ಸರಿಯಿತು. ಅವನು ಗಡಬಡಿಸಿ ಬೆರಳನ್ನು ಇದ್ದಲ್ಲೇ ಇಟ್ಟು, ಮೊದಲಿನಿಂದ ಶುರುಮಾಡಿದ.